ಕ್ಲೊಟಿಲ್ಡಾಬಾಯಿಯ ತೆನೆಹಾಲು

ಹೊಸ ತೆನೆಯ ಮೊಂತಿ ಹಬ್ಬದ ದಿನ ನಮ್ಮ ಕರಾವಳಿಯ ಕೆಲವು ಕ್ರೈಸ್ತ ಕುಟುಂಬಗಳು ಈ ಕೊಲ್ಲಿ ದೇಶದ ರಿಫಾ ಊರಿನಲ್ಲಿ ಹ್ಯೂಬರ್ಟನ ಮನೆಗೆ ಸೇರುವುದು ರೂಢಿ. ಅವಾಲಿಯ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಹಂಚುತ್ತಾರೆ. ಅದನ್ನು ಕುಡಿಯದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಹಂಚುವ ಹಕ್ಕು ಹಿರಿಯಳದು. ಎಂದರೆ, ಹ್ಯೂಬರ್ಟನ ಅತ್ತಿಗೆ ಕ್ಲೊಟಿಲ್ಡಾಬಾಯಿಯವರದು.

ಕಳೆದ ವರ್ಷ ಅವರಿಗೆ ಕ್ಷಯರೋಗ ಬಂತು. ಸಲ್ಮಾನಿಯಾ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿ ಗುಣವಾದರು. ಇನ್ನು ಯಾರಿಗೂ ಅಂಟುವುದಿಲ್ಲವೆಂದು ವೈದ್ಯರೇ ಹೇಳಿದರು. ಆದರೂ ನೆಂಟರ ಮನೆಗಳಲ್ಲಿ ಅವರಿಗೆ ಮಾತ್ರ ಚಹಾ ಕಾಗದದ ಲೋಟದಲ್ಲಿ ಬರುತ್ತಿತ್ತು.

ಹಬ್ಬದ ಮುನ್ನಾದಿನ ಹ್ಯೂಬರ್ಟ್ ಫೋನು ಮಾಡಿದ. "ಬಾಯಿ, ಈ ಸಲ ಹಾಲು ನನ್ನ ಲಿಲಿಯನ್ ಹಂಚಲಿ. ನೀವು ಆರಾಮ ಕೂತ್ಕೊಳ್ಳಿ."

"ಆರಾಮ ಆಗಿದ್ದೇನಲ್ಲ, ಇನ್ನು ಕೂತ್ಕೊಳ್ಳುವುದು ಎಂತಕ್ಕೆ?" ಎಂದು ಫೋನಿಟ್ಟರು.

ಮರುದಿನ ಹಸಿರು ರೇಷ್ಮೆ ಸೀರೆಯುಟ್ಟು ಬಂದವರು ನೇರವಾಗಿ ಅಡುಗೆಮನೆಗೆ ನಡೆದರು. ತಾವೇ ಅರೆದರು, ತಾವೇ ಬೆರೆಸಿದರು. ಪಾತ್ರೆ ಹಿಡಿದು ಹೊರಬಂದಾಗ ಯಾರೂ ಕೈ ಚಾಚಲಿಲ್ಲ. ಅಷ್ಟರಲ್ಲಿ ಹ್ಯೂಬರ್ಟ್ ಕೆಮ್ಮಿದ. ಕರವಸ್ತ್ರ ಒತ್ತಿಕೊಂಡು ಮತ್ತೂ ಕೆಮ್ಮಿದ.

"ಈ ಕೆಮ್ಮು ಎಷ್ಟು ದಿವಸದ್ದು?"

"ತಿಂಗಳಾಯ್ತು ಬಾಯಿ. ಎಸಿಯದ್ದು."

"ನನ್ನದೂ ಮೊದಲು ಎಸಿಯದ್ದೇ ಆಗಿತ್ತು. ಆಗ ಮನೆಯವರನ್ನೆಲ್ಲ ಪರೀಕ್ಷೆಗೆ ಕರೆದಿದ್ರು. ಬಾರದವ ನೀನೊಬ್ಬ."

"ಆ ಕಾಯಿಲೆ ಕಡಿಮೆ ಆಗ್ತಾ ಉಂಟಂತೆ. ಇದ್ರೂ ಲೇಬರ್ ಕ್ಯಾಂಪಿನವರಿಗೆ."

"ಹಾಗಾದ್ರೆ ನಾನು ಯಾವ ಕ್ಯಾಂಪಿನವಳು ಮಾರಾಯ? ಕಡಿಮೆ ಆದದ್ದು ಮಾತ್ರೆ ನುಂಗಿದವರಿಂದ. ಎಸಿಗೆ ಬೈದವರಿಂದ ಅಲ್ಲ."

ಹೋಗಿ ಕಿಟಕಿ ತೆರೆದರು. ಸೆಪ್ಟೆಂಬರಿನ ಬಿಸಿಗಾಳಿ ಒಳನುಗ್ಗಿತು. "ನೀನು ಇಲ್ಲಿ ಗಾಳಿ ಆಡುವಲ್ಲಿ ನಿಲ್ಲು. ನಾಳೆ ಬೆಳಿಗ್ಗೆ ನನ್ನ ಜೊತೆ ಸಲ್ಮಾನಿಯಾಕ್ಕೆ."

"ಬಾರದಿದ್ರೆ?"

"ಇವತ್ತು ಯಾರಿಗೂ ಹಾಲಿಲ್ಲ, ಊಟವೂ ಇಲ್ಲ." ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಮನೆಯ ಯಜಮಾನನ ಕುರ್ಚಿಯಲ್ಲೇ ಕುಳಿತುಬಿಟ್ಟರು.

ಒಳಗಿನಿಂದ ಇಡ್ಲಿಯಂಥ ಸನ್ನಗಳ ಹಬೆಯ ಪರಿಮಳ ಬರುತ್ತಿತ್ತು. ಹಸಿದ ಮಕ್ಕಳೆಲ್ಲ ಹ್ಯೂಬರ್ಟನನ್ನೇ ನೋಡತೊಡಗಿದರು. ಬೆವರು ಒರೆಸಿಕೊಂಡು ಅವನು ಕೇಳಿದ: "ಎಷ್ಟು ಗಂಟೆಗೆ ಬಾಯಿ?"

"ಏಳಕ್ಕೆ ಕೆಳಗೆ ನಿಂತಿರು. ಕಾರು ನಾನೇ ತರ್ತೇನೆ."

ಹ್ಯೂಬರ್ಟನ ಹೆಂಡತಿ ಲಿಲಿಯನ್ ಮೇಜಿನ ಮೇಲಿದ್ದ ಕಾಗದದ ಲೋಟಗಳನ್ನು ಒಳಗೊಯ್ದಳು. ಸ್ಟೀಲಿನ ಲೋಟಗಳನ್ನು ತಂದು, ಮೊದಲನೆಯದನ್ನು ತಾನೇ ಚಾಚಿದಳು.