ಶುರುವಾಗದೆ ಮುಗಿದ ವಾರಂಟಿ

ನಮ್ಮಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಬಸ್ಸಿನಲ್ಲಿ ಕೂಡ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಯಾರೋ ತನ್ನನ್ನು ಕಿತ್ತುಕೊಂಡು ಹೋಗುತ್ತಾರೆ ಎಂಬಂತೆ ನಿಂತಿರುತ್ತಾಳೆ. ಅಂಥವಳು ಹನ್ನೊಂದು ಸಾವಿರ ಕಾರುಗಳು ಯಾವಾಗ ಕೆಡುತ್ತವೆ ಎಂದು ಲೆಕ್ಕ ಹಾಕಿ ಸಂಬಳ ತರುತ್ತಾಳೆ. "ಕಾರೇ ಇಲ್ಲದ ಮನೇಲಿ ಇಬ್ಬರು ಹೆಣ್ಣುಮಕ್ಕಳಿಗೂ ಕಾರಿಂದೇ ಚಿಂತೆ," ಎಂಬುದು ನಮ್ಮಮ್ಮನ ನಿತ್ಯದ ಗೊಣಗಾಟ. ಇಬ್ಬರು ಎಂದರೆ ಅಕ್ಕ ಮತ್ತು ನಾನು. ಇಬ್ಬರದೂ ಒಂದೇ ಕಂಪನಿ. ಅವಳದು ಮೇಲಿನ ಮಹಡಿಯ ಗಾಜಿನ ಕೋಣೆ, ನನ್ನದು ಕೆಳಗೆ, ಜನರಿಂದ ಬೈಸಿಕೊಳ್ಳುವ ಕಿಟಕಿ.

ಕಂಪನಿಯ ವ್ಯಾಪಾರ ಇಷ್ಟೇ. ಹೊಸ ಕಾರಿಗೆ ತಯಾರಿಸಿದವರು ಮೂರು ವರ್ಷ ವಾರಂಟಿ ಕೊಡುತ್ತಾರೆ. ಅದಾದ ಮೇಲೆ ಇನ್ನೆರಡು ವರ್ಷ ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಿ, ಕಾರು ಕೊಂಡ ದಿನವೇ ದುಡ್ಡು ಕಟ್ಟಿಸಿಕೊಳ್ಳುತ್ತೇವೆ. ಕಿಲೋಮೀಟರ್ ಲಕ್ಷ ಮುಟ್ಟಿದರೆ ಅವರದೂ ಮುಗಿಯಿತು, ನಮ್ಮದೂ ಮುಗಿಯಿತು. ಒಟ್ಟು ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಈ 'ಯಾವುದು ಮೊದಲೋ ಅದು' ಎಂಬ ಮಾತು ಫಾರಂನ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇರುತ್ತದೆ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಹೀಗೆ ಮುಂಚೆಯೇ ಬಂದ ದುಡ್ಡನ್ನು ನುಂಗಿ ಕೂತರೆ, ನಾಲ್ಕನೇ ವರ್ಷ ಗೇರ್‌ಬಾಕ್ಸ್ ಕೈಕೊಟ್ಟವರಿಗೆ ಕೊಡಲು ಏನೂ ಉಳಿಯುವುದಿಲ್ಲ. ಅದಕ್ಕೆ ಮೀಸಲು ಎಂದು ತೆಗೆದಿಡಬೇಕು. ಯಾವ ಗಾಡಿಗೆ ಎಷ್ಟು ಕೇಳಬೇಕು, ಅದರಲ್ಲಿ ಎಷ್ಟನ್ನು ಎಷ್ಟು ದಿನ ಮುಟ್ಟದೆ ಇಡಬೇಕು ಎಂದು ಹೇಳುವುದು ಅಕ್ಕನ ಕೆಲಸ.

ಅವಳೇನು ಗಾಜಿನ ಕೋಣೆಗೇ ಹುಟ್ಟಿದವಳಲ್ಲ. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಕಾಲೇಜು ಬಿಟ್ಟು ಇಲ್ಲಿ ಗುಮಾಸ್ತೆಯಾಗಿ ಸೇರಿ, ಗ್ಯಾರೇಜುಗಳಿಂದ ಬಂದ ರಿಪೇರಿ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುತ್ತ ಕೂತಳು. ಲೆಕ್ಕದ ಪರೀಕ್ಷೆಗಳನ್ನು ಕೆಲಸದ ನಡುವೆಯೇ ಒಂದೊಂದಾಗಿ ಬರೆದಳು. ಒಂದರಲ್ಲಿ ಎರಡು ಸಲ ಫೇಲಾದಳು. ಮೂರನೇ ಸಲ ಕಟ್ಟಬೇಡ ಎಂದು ಅಮ್ಮ, ನಾನು, ಸೋದರಮಾವ ಎಲ್ಲರೂ ಹೇಳಿ ಬಾಯಿ ನೋಯಿಸಿಕೊಂಡೆವು. ಅವಳು ಹಟ ಹಿಡಿದರೆ ಮುಗಿಯಿತು, ಜಪ್ಪಯ್ಯ ಅಂದರೂ ಕದಲುವವಳಲ್ಲ. ಚೀಟಿಯಲ್ಲಿ ಕಿಲೋಮೀಟರಿನ ಜಾಗ ಖಾಲಿಯಿದ್ದರೆ ಉಳಿದ ಗುಮಾಸ್ತರು ಸೊನ್ನೆ ಹಾಕಿ ಮುಂದೆ ಹೋಗುತ್ತಿದ್ದರು. ಇವಳು ಗ್ಯಾರೇಜಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಗ್ಯಾರೇಜಿನವರು ಇವಳಿಗೆ ಇಟ್ಟ ಹೆಸರು ಕಿಲೋಮೀಟರಮ್ಮ.

ಆಗ ಎಲ್ಲ ಕಾರಿಗೂ ಒಂದೇ ದರ. ನಾಲ್ಕು ವರ್ಷದ ಹಿಂದೆ ಅಕ್ಕ ಒಂದು ಪಟ್ಟಿ ಹಿಡಿದು ದೊಡ್ಡ ಸಾಹೇಬರ ಮುಂದೆ ನಿಂತಳು. ಭಾನುವಾರ ಮಾತ್ರ ಹೊರಗೆ ತೆಗೆಯುವ ಕಾರು, ದಿನವೂ ಕೆಲಸಕ್ಕೆ ಹೋಗಿ ಬರುವ ಕಾರು, ಟ್ಯಾಕ್ಸಿ, ಇವು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂದಳು. ಗ್ಯಾರೇಜಿನ ಚೀಟಿಗಳ ಪ್ರಕಾರ ಟ್ಯಾಕ್ಸಿಗಳು ಉಳಿದವುಗಳಿಗಿಂತ ಎರಡು ಪಟ್ಟು ಹೆಚ್ಚು ಕೆಡುತ್ತಿದ್ದವು. ಹಾಗಾಗಿ ಟ್ಯಾಕ್ಸಿಗೆ ಎರಡರಷ್ಟು ದರ, ಭಾನುವಾರದ ಕಾರಿಗೆ ಅರ್ಧ. ಮೀಸಲೂ ಮೂರು ಭಾಗವಾಯಿತು. ನಾವು ಅವನ್ನು ಮೂರು ಡಬ್ಬಿ ಎನ್ನುತ್ತಿದ್ದೆವು. ಸಾಹೇಬರು ಖುಷಿಯಾಗಿ ಅಕ್ಕನಿಗೆ ಗಾಜಿನ ಕೋಣೆ ಕೊಟ್ಟರು. ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಈ ವರ್ಷದ ಕೊನೆಯಲ್ಲಿ ಸಾಹೇಬರು ಅಕ್ಕನನ್ನು ಕರೆಸಿದರು. ದಿನವೂ ಓಡುವ ಕಾರುಗಳ ಡಬ್ಬಿ ಎಂಟೇ ತಿಂಗಳಲ್ಲಿ ಖಾಲಿಯಾಗಿತ್ತು. ಟ್ಯಾಕ್ಸಿಯ ಡಬ್ಬಿ ಮಾತ್ರ ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. "ಆ ಡಬ್ಬೀದು ತೆಗೆದು ಈ ಡಬ್ಬಿಗೆ ಹಾಕಿ. ಮಿಕ್ಕಿದ್ದನ್ನ ಲಾಭದಲ್ಲಿ ತೋರಿಸಿ. ನಿಮ್ಮದೊಂದು ಸಹಿ ಬೇಕು, ಅಷ್ಟೇ," ಎಂದರು. ಪಕ್ಕದಲ್ಲಿದ್ದ ಮಾರಾಟದ ಮ್ಯಾನೇಜರು, "ನಮ್ಮ ಟ್ಯಾಕ್ಸಿಯವರು ಬಂಗಾರದಂಥ ಡ್ರೈವರ್‌ಗಳು ಮೇಡಂ," ಎಂದು ಹಲ್ಲು ಕಿರಿದನಂತೆ.

ಅಕ್ಕ ಸಹಿ ಹಾಕದೆ ಕೆಳಗಿಳಿದು ನೇರವಾಗಿ ನನ್ನ ಕಿಟಕಿಗೆ ಬಂದಳು. ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ.

"ಟ್ಯಾಕ್ಸಿಯವರು ನಿನ್ನ ಹತ್ರ ಬರೋದೇ ಇಲ್ವೇನೇ?"

"ಯಾಕೆ ಬರಲ್ಲ? ನಿನ್ನೆ ಕೂಡ ಒಬ್ಬ ಬಂದು ಮೇಜು ಗುದ್ದಿ ಹೋದ. ಐದು ವರ್ಷ ಅಂದ್ರಲ್ಲಮ್ಮ, ನನ್ ಗಾಡಿಗಿನ್ನೂ ಎರಡೂವರೆ ವರ್ಷ ಅಂತ. ಕಿಲೋಮೀಟರ್ ಮುಗಿದಿದೆ, ಆಗಲ್ಲ ಅಂತ ಕಳಿಸ್ದೆ."

"ಹಾಗೆ ಕಳಿಸಿದ್ದನ್ನ ಎಲ್ಲಿ ಬರ್ಕೋತೀಯ?"

"ಎಲ್ಲೂ ಇಲ್ಲ. ತಗೊಂಡ ಅರ್ಜೀನ ಬರ್ಕೋತೀವಿ. ತಗೊಳ್ಳದೇ ಇರೋದಕ್ಕೆ ರಿಜಿಸ್ಟರ್ ಎಲ್ಲಿದೆ?"

ಅಕ್ಕ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತಳು. ಅವಳ ಮುಖ ಸಣ್ಣಗಾದದ್ದು ನನಗೆ ಕಂಡಿತು, ಯಾಕೆಂದು ಗೊತ್ತಾಗಲಿಲ್ಲ. ನಾನು ಅನ್ನ ಕಲಸಿಕೊಂಡೆ.

ಗೊತ್ತಾದದ್ದು ಆ ಭಾನುವಾರ ಬೆಳಿಗ್ಗೆ. ಊಟದ ಮೇಜಿನ ಅರ್ಧದಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದಳು, ಇನ್ನರ್ಧದಲ್ಲಿ ಅಕ್ಕನ ಕಾಗದಗಳು. ಒಂದು ಹಾಳೆಯನ್ನು ಅಕ್ಕ ನನ್ನ ಮುಂದೆ ತಳ್ಳಿದಳು.

"ಟ್ಯಾಕ್ಸಿ ತಿಂಗಳಿಗೆ ನಾಲ್ಕು ಸಾವಿರ ಓಡುತ್ತೆ. ಒಂದು ಲಕ್ಷ ಮುಟ್ಟೋಕೆ ಎಷ್ಟು ತಿಂಗಳು?"

"ಇಪ್ಪತ್ತೈದು."

"ನಮ್ಮ ವಾರಂಟಿ ಶುರುವಾಗೋದು?"

"ಮೂವತ್ತಾರು ತಿಂಗಳು ಕಳೆದ ಮೇಲೆ," ಎಂದೆ. ಎಂದ ಮೇಲೆ ಹಾಳೆಯನ್ನು ಇನ್ನೊಮ್ಮೆ ಹತ್ತಿರ ಎಳೆದುಕೊಂಡೆ.

"ಮೂರನೇ ಕ್ಲಾಸಿನ ಲೆಕ್ಕ ಕಣೇ ಇದು," ಎಂದಳು ಅಕ್ಕ. "ಗಾಡಿ ಎಷ್ಟು ಸಲ ಕೆಡುತ್ತೆ ಅಂತ ನೋಡ್ದೆ. ಕೆಟ್ಟಾಗ ಅದು ಯಾರ ತಲೆ ಮೇಲೆ ಬೀಳುತ್ತೆ ಅಂತ ನೋಡಲೇ ಇಲ್ಲ. ನಾವು ಬಾಗಿಲು ತೆಗೆಯೋ ಹೊತ್ತಿಗೆ ಅವರ ಲಕ್ಷ ಮುಗಿದಿರುತ್ತೆ. ಒಂದೇ ಒಂದು ದಿನಾನೂ ನಾವು ಅವರನ್ನ ಕಾಯಲ್ಲ."

ಅಮ್ಮ ಸುಲಿಯುವುದನ್ನು ನಿಲ್ಲಿಸಿದಳು. "ಶುರುವೇ ಆಗದ್ದಕ್ಕೆ ದುಡ್ಡು ತಗೊಂಡ್ರಾ? ಅದೂ ಎರಡರಷ್ಟು?"

"ಆರುನೂರ ಹನ್ನೆರಡು ಜನರ ಹತ್ರ," ಎಂದಳು ಅಕ್ಕ.

ನನಗೆ ಹೆದರಿಕೆಯಾಯಿತು, ಹೆದರಿಕೆಯಾದಾಗ ನನಗೆ ಕೋಪ ಬರುತ್ತದೆ. "ಯಾರೂ ಕೇಳಿಲ್ಲ, ಯಾರೂ ಕೇಳೋದೂ ಇಲ್ಲ. ಪಟ್ಟಿ ಮಾಡಿದವಳು ನೀನು. ಬಾಯಿ ಬಿಟ್ರೆ ಮೊದಲು ಹೋಗೋದು ನಿನ್ನ ಕೋಣೆ. ಸುಮ್ಮನೆ ಮುಂದಿನ ವರ್ಷದ ಪಟ್ಟೀಲಿ ಸರಿ ಮಾಡು, ಮುಗೀತು," ಎಂದು ಕೂಗಾಡಿದೆ. ಅಕ್ಕ ಉತ್ತರ ಕೊಡದೆ ಕಾಗದ ಜೋಡಿಸಿಕೊಂಡಳು. ಅವಳು ಉತ್ತರ ಕೊಡಲಿಲ್ಲವೆಂದರೆ ಒಪ್ಪಿದಳು ಎಂದಲ್ಲ, ಆಗಲೇ ತೀರ್ಮಾನ ಮಾಡಿಯಾಗಿದೆ ಎಂದು. ಈ ಮನೆಯಲ್ಲಿ ಮೂವತ್ತು ವರ್ಷ ಬದುಕಿದವಳಿಗೆ ಅಷ್ಟು ತಿಳಿಯುತ್ತದೆ.

ಸೋಮವಾರ ಸಾಹೇಬರ ಮುಂದೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದಳು. ಕಿಟಕಿಯಿಂದ ಎಷ್ಟು ಜನರನ್ನು ವಾಪಸ್ ಕಳಿಸಿದೆ ಎಂದು ಹೇಳಲು ಬೇರೆ ಸಾಕ್ಷಿ ಇರಲಿಲ್ಲ. ವಾರಕ್ಕೆ ಮೂರು ನಾಲ್ಕು ಜನ ಎಂದು ನಾನು ತೊದಲಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರೇನಲ್ಲ ಅವರು, ತಮ್ಮ ಕಾಲಿಗೆ ಚುಚ್ಚುವತನಕ ಮುಳ್ಳು ಕಾಣುವುದಿಲ್ಲ, ಅಷ್ಟೇ.

"ಕಾನೂನು ಪ್ರಕಾರ ನಮ್ಮದೇನೂ ತಪ್ಪಿಲ್ಲ. ಎಲ್ಲಾ ಫಾರಂನಲ್ಲೇ ಇದೆ. ಅವರು ಸಹಿ ಹಾಕಿದ್ದಾರೆ," ಎಂದರು.

"ಅವರು ಹಾಕಿದ್ದಾರೆ ಸಾರ್. ನಾನು ಹಾಕಲ್ಲ."

"ಏನು ಮಾಡು ಅಂತೀರಿ ಈಗ?"

"ಟ್ಯಾಕ್ಸಿ ಡಬ್ಬಿಯಿಂದ ಬೇರೆ ಡಬ್ಬಿಗೆ ಒಂದು ಕಾಸೂ ಹೋಗಬಾರದು. ಅದರಲ್ಲಿರೋದು ಮೀಸಲಲ್ಲ, ಅವರಿಗೆ ವಾಪಸ್ ಕೊಡಬೇಕಾದ ದುಡ್ಡು. ದಿನಾ ಓಡೋ ಕಾರುಗಳ ಡಬ್ಬೀಲಿ ಬಿದ್ದಿರೋ ತೂತನ್ನ ನಮ್ಮ ಲಾಭದಿಂದ ಮುಚ್ಚಬೇಕು. ಎಪ್ಪತ್ತು, ಎಂಬತ್ತು ಸಾವಿರ ಓಡಿದ ಗಾಡಿಗಳೆಲ್ಲ ನಮ್ಮ ಎರಡು ವರ್ಷದ ಒಳಗೇ ಬರ್ತವೆ. ನಿಜವಾಗಿ ಖರ್ಚಿರೋದು ಅಲ್ಲಿ. ಅವರಿಗೆ ನಾನು ಕಡಿಮೆ ದರ ಹಾಕಿದೀನಿ."

"ನಿಮ್ಮದೇ ಪಟ್ಟಿ ಮೇಡಂ ಅದು! ಅದಕ್ಕೇ ತಾನೇ ಆ ಕೋಣೆ ಕೊಟ್ಟಿದ್ದು?"

"ಕೋಣೆ ವಾಪಸ್ ತಗೊಳ್ಳಿ ಸಾರ್. ದುಡ್ಡು ಅವರಿಗೆ ವಾಪಸ್ ಕೊಡಿ."

ಒಂಬತ್ತು ದಿನ ಇಡೀ ಆಫೀಸು ಉಸಿರು ಬಿಗಿಹಿಡಿದು ಕೂತಿತ್ತು. ಮಾರಾಟದ ಮ್ಯಾನೇಜರು ಅಕ್ಕ ಎದುರಾದರೆ ಗೋಡೆ ನೋಡಿಕೊಂಡು ನಡೆಯುತ್ತಿದ್ದ. ಚಹಾ ತರುವವರು ಕೂಡ ಅವಳ ಕೋಣೆಗೆ ಕೊನೆಗೆ ಹೋಗತೊಡಗಿದರು. ದಿನವೂ ಬೆಳಿಗ್ಗೆ ಸಾಹೇಬರು ಸಹಿಗೆ ಅದೇ ಕಾಗದ ಕಳಿಸುವುದು, ಸಂಜೆ ಅಕ್ಕ ಅದನ್ನು ಹಾಗೇ ಹಿಂದಕ್ಕೆ ಕಳಿಸುವುದು. ಐದನೇ ದಿನದಿಂದ ಅವಳು ತನ್ನದೂ ಒಂದು ಹಾಳೆಯನ್ನು ಅದಕ್ಕೆ ಪಿನ್ನು ಹೊಡೆದು ಕಳಿಸತೊಡಗಿದಳು. ಅದರಲ್ಲಿ ಲೆಕ್ಕವೆಲ್ಲ ಬಿಡಿಸಿ ಬರೆದು, ಕೆಳಗೆ 'ಈ ದರಪಟ್ಟಿ ಮಾಡಿದ್ದು ನಾನು. ತಪ್ಪು ನನ್ನದು,' ಎಂದು ಸಹಿ, ತಾರೀಕು. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಕಿಟಕಿಯಿಂದ ವಾಪಸ್ ಹೋದ ಮುಖಗಳಲ್ಲಿ ಒಂದೂ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಅದೇ ನನಗೆ ನಾಚಿಕೆ ತಂದಿತು.

ಹತ್ತನೇ ದಿನ ಹೊರಗಿನ ಲೆಕ್ಕ ಪರಿಶೋಧಕರು ಬರುವವರಿದ್ದರು. ಅಕ್ಕನ ಬದಲು ಇನ್ನೊಬ್ಬರಿಂದ ಸಹಿ ಹಾಕಿಸಬಹುದಿತ್ತು. ಆದರೆ ಆ ಹಾಳೆ ಫೈಲಿನಲ್ಲಿರುವಾಗ ಯಾರು ಹಾಕುತ್ತಾರೆ? ಸಾಹೇಬರು ಅಕ್ಕನನ್ನು ಕರೆಸಿ, ಸರಿ, ಯಾರಾದರೂ ಬಂದು ಕೇಳಿದರೆ ಕೊಡೋಣ ಎಂದರು. "ಗೊತ್ತಿಲ್ಲದವರು ಬಂದು ಹೇಗೆ ಕೇಳ್ತಾರೆ ಸಾರ್? ನಾವೇ ಫೋನ್ ಮಾಡಬೇಕು," ಎಂದಳು. ಸಾಹೇಬರು ಫೈಲು ತೆರೆದು ಅಕ್ಕನ ಹಾಳೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಒಪ್ಪಿದರು. ಹೊಸ ಟ್ಯಾಕ್ಸಿಗಳಿಗೆ ವರ್ಷದ ಮಾತಿಲ್ಲ, ಲಕ್ಷ ದಾಟಿದ ಮೇಲಿನ ಐವತ್ತು ಸಾವಿರ ಕಿಲೋಮೀಟರಿಗೆ ವಾರಂಟಿ ಎಂದು ಹೊಸ ಫಾರಂ ಬಂತು. ಗಾಜಿನ ಕೋಣೆ ಮಾರಾಟದ ಮ್ಯಾನೇಜರಿಗೆ ಹೋಯಿತು. ಅಕ್ಕನಿಗೆ ಮೆಟ್ಟಿಲ ಬುಡದಲ್ಲಿ ಒಂದು ಮೇಜು. ಫೋನ್ ಮಾಡುವ ಕೆಲಸ ಅಕ್ಕತಂಗಿಯರ ತಲೆಗೇ ಬಂತು. ಬೇರೆ ಯಾರು ಮಾಡಬೇಕು?

ಪಟ್ಟಿಯನ್ನು ಕಾರು ಕೊಂಡ ತಾರೀಕಿನ ಪ್ರಕಾರ ಇಟ್ಟುಕೊಂಡು ಶುರು ಮಾಡಿದೆವು. ಮೊದಲನೆಯವನು ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. "ದುಡ್ಡು ಕೊಡ್ತೀವಿ ಅಂತ ಫೋನ್ ಮಾಡೋರೆಲ್ಲ ಕಳ್ಳರೇ. ಇಡಮ್ಮ ಫೋನು," ಎಂದು ತಾನೇ ಇಟ್ಟ. ಎರಡನೆಯವನು ಕೇಳಿದ. ಕೇಳಿ, "ಆ ಗಾಡಿ ಮಾರಿ ಒಂದು ವರ್ಷ ಆಯ್ತಮ್ಮ. ಗೇರ್‌ಬಾಕ್ಸ್ ಮಾಡಿಸೋಕಾಗದೆ ಗುಜರಿ ರೇಟಿಗೆ ಕೊಟ್ಟೆ. ಈಗ ಬೇರೆಯವರ ಗಾಡಿ ಓಡಿಸ್ತಿದೀನಿ," ಎಂದ. ಫೋನ್ ಸ್ಪೀಕರಿನಲ್ಲಿತ್ತು. ಅಕ್ಕ ನನ್ನ ಕೈಯಿಂದ ತೆಗೆದುಕೊಂಡು, ಆ ಲೆಕ್ಕ ತಾನೇ ತಪ್ಪು ಮಾಡಿದ್ದು, ಗಾಡಿ ಇಲ್ಲದಿದ್ದರೂ ದುಡ್ಡು ಅವನದೇ ಎಂದು ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಫೋನ್ ಕೆಳಗಿಟ್ಟಳು. ಆಮೇಲೆ ಪಟ್ಟಿ ಕಿತ್ತುಕೊಂಡು, "ತಾರೀಕು ಬೇಡ. ಗ್ಯಾರೇಜಿನ ಚೀಟಿ ನೋಡಿ ಕಿಲೋಮೀಟರ್ ಮೇಲೆ ಜೋಡಿಸು. ಈಗ ಒಂದು ಲಕ್ಷದಿಂದ ಒಂದು ಲಕ್ಷ ಇಪ್ಪತ್ತು ಸಾವಿರದ ಒಳಗಿರೋರು ಮೊದಲು. ಗೇರ್‌ಬಾಕ್ಸ್ ಹೋಗೋದು ಅಲ್ಲೇ. ಇನ್ನೂ ಮಾರದೇ ಇರೋರು ಅವರು," ಎಂದಳು. ಹೊಸ ಪಟ್ಟಿಯಲ್ಲಿ ನೂರ ನಾಲ್ಕು ಹೆಸರಿದ್ದವು. ಊಟಕ್ಕೆ ಏಳದೆ ಒಂದೊಂದಾಗಿ ಒತ್ತುತ್ತ ಹೋದೆವು.

ಹದಿನೇಳನೆಯ ಫೋನನ್ನು ಎತ್ತಿದವನ ಹಿಂದೆ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. ಗ್ಯಾರೇಜಿನಲ್ಲಿದ್ದ. ಗಾಡಿ ಅಲ್ಲಿ ನಿಂತು ಆರು ದಿನವಾಗಿತ್ತಂತೆ, ಕೊಳ್ಳುವವನೊಬ್ಬ ಆಗಲೇ ನೋಡಲು ಬಂದಿದ್ದನಂತೆ. ಅಕ್ಕ ಎಲ್ಲ ಹೇಳಿದಳು, ಎಷ್ಟು ದುಡ್ಡು, ಯಾವತ್ತು ಸಿಗುತ್ತದೆ ಎಂದು ಹೇಳಿದಳು. ಅವನು ಮೂರು ಸಲ ಕೇಳಿದ, ಮೂರು ಸಲವೂ ಅದನ್ನೇ ಹೇಳಿದಳು.

ಆಮೇಲೆ ಅವನು ಫೋನನ್ನು ಕಿವಿಯಿಂದ ತೆಗೆಯುವುದನ್ನೂ ಮರೆತು ಕೂಗಿದ: "ಏ ಮೇಸ್ತ್ರಿ, ಆ ಮನುಷ್ಯನ್ನ ಕಳಿಸ್ಬಿಡು! ಗಾಡಿ ಮಾರಲ್ಲ. ಬಿಚ್ಚು, ಬಿಚ್ಚು, ಕೆಲಸ ಶುರು ಮಾಡು!"