ಹುಳದ ಮನೆಯಲ್ಲಿದ್ದ ಕೂಸು

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಾನು ಒಂದನೇ ತರಗತಿಯ ಟೀಚರು. ನನ್ನ ಗಂಟಲು ಊರಿಗೇ ಗೊತ್ತು. ಅವತ್ತು ಪಾಠದಲ್ಲಿ ಕಾಂಗರೂ ಹಿಂಗಾಲಿನ ಬಲದಿಂದ ನೆಗೆಯುತ್ತದೆ, ಹುಲ್ಲು ಮೇಯುತ್ತದೆ ಎಂದು ಹೇಳಿದ್ದೇ ತಡ, ಮಕ್ಕಳೆಲ್ಲ ಎದ್ದು ನೆಗೆಯತೊಡಗಿದರು. ಗದರಿಸಿ ಕೂರಿಸಿದೆ.

“ಅದರ ಮರಿ ಹುಟ್ಟುವಾಗ ಅವರೆಕಾಳಿಗಿಂತ ಒಂಚೂರು ದೊಡ್ಡದು ಅಷ್ಟೆ. ಕೂದಲಿರಲ್ಲ, ಕಣ್ಣು ಬಿಟ್ಟಿರಲ್ಲ. ತಾನೇ ತೆವಳಿಕೊಂಡು ಅಮ್ಮನ ಹೊಟ್ಟೆಯ ಚೀಲ ಸೇರುತ್ತೆ. ತಿಂಗಳುಗಟ್ಟಲೆ ಅಲ್ಲೇ ಹಾಲು ಕುಡಿದು ಬೆಳೆಯುತ್ತೆ.”

ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು. “ನಮ್ಮನೇಲೂ ಅಂಥದ್ದೊಂದೈತೆ ಮಿಸ್. ಹುಳದ ಮನೇಲಿ ಮಡಗವ್ರೆ.”

ಮಕ್ಕಳು ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಅವಳ ತಾಯಿಗೆ ಮೂರು ದಿನದ ಹಿಂದೆ, ತಿಂಗಳು ತುಂಬದೆಯೇ, ಮನೆಯಲ್ಲೇ ಹೆರಿಗೆಯಾಗಿದೆಯೆಂದು ಕೇಳಿದ್ದೆ.

ಶಾಲೆ ಬಿಟ್ಟ ಕೂಡಲೇ ಅವಳ ಹಿಂದೆ ಹೋದೆ. ಬಾಣಂತಿ ಜಗುಲಿಯಲ್ಲಿ ಕೂತು, ಅಂಗಳದಾಚೆಯ ರೇಷ್ಮೆ ಹುಳದ ಮನೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತೆರೆದೆ. ಕಿಟಕಿಗಳಿಗೆಲ್ಲ ಗೋಣಿ ಕಟ್ಟಿದ್ದರು, ಹಾಡುಹಗಲೇ ಕತ್ತಲು. ಸಾವಿರಾರು ಹುಳ ಸೊಪ್ಪು ಮೇಯುವ ಚರಚರ ಸದ್ದು ನಾಲ್ಕೂ ಕಡೆಯಿಂದ ಮುತ್ತಿಕೊಂಡಿತು. ಹುಳ ಸಾಕುವ ಬಿದಿರಿನ ತಟ್ಟೆಗಳಲ್ಲೊಂದರಲ್ಲಿ ಸೊಪ್ಪಿರಲಿಲ್ಲ, ಹಳೇ ಸೀರೆಯ ಗಂಟೊಂದಿತ್ತು. ಗಂಟಿನೊಳಗೆ ನನ್ನ ಮುಷ್ಟಿಯಷ್ಟು ತಲೆ. ಅದರ ಕೆನ್ನೆಯ ಮೇಲೆ ಹುಳವೊಂದು ಕತ್ತೆತ್ತಿ ಅಲ್ಲಾಡದೆ ನಿಂತಿತ್ತು. ಅದನ್ನು ಬೆರಳಿನಿಂದ ತೆಗೆದು ಹಾಕಿದೆ.

“ಸೂಲಗಿತ್ತಿ ಬೆಚ್ಚಗೆ ಮಡಗಿ ಅಂದ್ಲು ಕಣಮ್ಮ,” ಕತ್ತಲಿನಿಂದ ಹುಡುಗಿಯ ಅಜ್ಜಿಯ ದನಿ ಬಂತು. “ಇದಕ್ಕಿಂತ ಬೆಚ್ಚನೆ ಜಾಗ ಎಲ್ಲೈತೆ?”

“ತಾಯಿ ಎದೆ ಇರಲಿಲ್ವಾ?”

“ಬಾಣಂತಿ ಮುಟ್ಟಿದ ಕೂಸನ್ನ ಒಳಗೆ ತರಂಗಿಲ್ಲ. ಹುಳಕ್ಕೆ ಮೈಲಿಗೆ ಆಗ್ತದೆ. ಅದ್ಕೇ ಹುಟ್ಟಿದ ಕೂಡ್ಲೆ, ಅವಳು ಮುಟ್ಟೋಕೆ ಮುಂಚೆ ತಂದ್ಬಿಟ್ಟೆ. ಹಾಲು ಹಿಂಡಿಸ್ಕೊಂಡು ಬಂದು ನಾನೇ ಹತ್ತೀಲಿ ಕುಡಿಸ್ತಾ ಇದೀನಿ.”

ಪಿತ್ತ ನೆತ್ತಿಗೇರಿತು. “ನಿಮ್ಮ ಹುಳ ಹಾಳಾಗಿ ಹೋಗ್ಲಿ,” ಎಂದು ಕೂಸನ್ನು ಎತ್ತಿಕೊಂಡೆ. ಅಷ್ಟು ಸೆಖೆಯಲ್ಲೂ ಅದರ ಪಾದ ತಣ್ಣಗಿತ್ತು. ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ಆಂಬ್ಯುಲೆನ್ಸಿಗೆ ಫೋನು ಮಾಡುತ್ತಲೇ ಜಗುಲಿಗೆ ಓಡಿದೆ.

ಬಾಣಂತಿ ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು. “ಮುಟ್ಟಬಹುದಾ ಮಿಸ್?”

“ನಿನ್ನ ಮಗು ಕಣೇ,” ಎಂದು ನಾನೇ ಅವಳ ಕುಪ್ಪಸ ಸರಿಸಿ, ಬರಿ ಎದೆಗೆ ಕೂಸನ್ನು ಒರಗಿಸಿ, ಸೆರಗು ಹೊದಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ನನಗೆ ಅಳು ಬಂತು. ಆಮೇಲೆ ಸೆರಗಿನೊಳಗಿಂದ ಕೀರಲು ಸದ್ದೊಂದು ಹೊರಟಿತು.

ಅವಳು ಬೆಚ್ಚಿ ನನ್ನತ್ತ ನೋಡಿದಳು. “ಇದ್ರ ದನಿ ನಾನು ಈಗ್ಲೇ ಕೇಳಿದ್ದು ಮಿಸ್.”