ಹಾಲಿನ ಮಿಷಿನ್ನು ನುಂಗಿಕೊಂಡಿದ್ದ ಬೆಳಗು

ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಅಂಥವಳು ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುವ ಮೊಮ್ಮಗಳಿಗೆ ಪಾಠ ಹೇಳಿಕೊಟ್ಟೆ ಎಂದರೆ ಯಾರು ನಂಬುತ್ತಾರೆ? ಹೇಳಿಕೊಟ್ಟೆ. ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಅದೇ ಪಾಠ ನನ್ನ ತಮ್ಮನನ್ನು ಕಿತ್ತುಕೊಂಡಿತು.

ತಮ್ಮ ಎಂದರೆ ಒಡಹುಟ್ಟಿದವನಲ್ಲ. ದುದ್ದದ ಹತ್ತಿರದ ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ. ತಾಯಿ ಇಲ್ಲದವನು, ನಮ್ಮ ಒಲೆ ಮುಂದೆಯೇ ಉಂಡು ಬೆಳೆದವನು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ನನ್ನ ಮೆಂಬರ್ ನಂಬರ್ ಹೇಳಿ ಹಾಲು ಹಾಕಿ ಬಂದೆ. ಸಂಜೆ ಹೋದರೆ ತಮ್ಮ ನನ್ನ ಕ್ಯಾನನ್ನು ಪಕ್ಕಕ್ಕೆ ಸರಿಸಿದ.

“ಅಕ್ಕಾ, ಬೆಳಿಗ್ಗೆ ಸೂಪರ್‌ವೈಸರ್ ಬಂದಿದ್ರು. ನಿನ್ ನಂಬರಿನ ಹಾಲಲ್ಲಿ ನೀರು ತೋರ್ಸೈತೆ ಕಣಕ್ಕ. ಹದಿನೈದು ದಿನ ತಗಳಂಗಿಲ್ಲ ಅಂದವ್ರೆ.”

ಸಾಲಿನಲ್ಲಿದ್ದವಳೊಬ್ಬಳು, “ಹಸೂನ ಕೊಳಾಯಿ ತಾವ ಕಟ್ಟಾಕಿದ್ಯೇನವ್ವಾ?” ಎಂದಳು. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಇವನೊಬ್ಬನಾದರೂ ನನ್ನ ಪರ ಇದ್ದಾನಲ್ಲ ಅಂದುಕೊಂಡೆ. ಹದಿನೈದು ದಿನ ಕಳೆದ ಮೇಲೂ ನನ್ನ ಕ್ಯಾನಿನೊಳಕ್ಕೆ ಇಣುಕುವವರು ಇಣುಕುತ್ತಲೇ ಇದ್ದರು.

ಮಳೆಗಾಲದಲ್ಲಿ, ಹಾಲು ಪರೀಕ್ಷೆ ಮಾಡಿ ಲೆಕ್ಕ ಇಡುವ ಡೇರಿಯ ಮಿಷಿನ್ನು ಕೆಟ್ಟಿತು. ಅದರೊಳಗಿರುವ ಹಳೇ ಲೆಕ್ಕ ತೆಗೆದುಕೊಡಮ್ಮ ಎಂದು ಡೇರಿಯ ಅಧ್ಯಕ್ಷರು ಮೊಮ್ಮಗಳಿಗೆ ಹೇಳಿದರು. ಅವಳು ಲ್ಯಾಪ್‌ಟಾಪ್ ಹಿಡಿದು ಜಗುಲಿಯಲ್ಲಿ ಕೂತಳು. ಪರದೆ ತುಂಬ ಬರೀ ಸೊನ್ನೆ, ಒಂದು, ಸೊನ್ನೆ, ಒಂದು.

“ಅಜ್ಜೀ, ಒಂದೊಂದ್ ನಂಬರ್‌ಗೂ ಒಂದೊಂದ್ ಗಂಟು ಕಟ್ಟಿಟ್ಟೈತೆ ಇದು. ನಂಬರ್ ಹೇಳುದ್ರೆ ಗಂಟು ಕೊಡ್ತದೆ, ಒಳಗಿರೋದು ಏನು ಅಂತ ಹೇಳಾಕಿಲ್ಲ. ತಾರೀಕು, ಹೊತ್ತು ಬಿಡಿಸ್ದೆ. ಆಮೇಲಿನ ಮೂರು ಅಂಕಿಲಿ ಫ್ಯಾಟ್ ಯಾವ್ದು, ನೀರು ಯಾವ್ದು ಗೊತ್ತಾಯ್ತಿಲ್ಲ.”

“ಅಯ್ಯೋ ಪೆದ್ದೀ, ಬೆಳಗಿನ ಹಾಲಿಗಿಂತ ಸಂಜೆ ಹಾಲಲ್ಲಿ ಜಿಡ್ಡು ಜಾಸ್ತಿ ಕಣೇ. ದಿನಾ ಸಂಜೆ ಯಾವ್ದು ಏರ್ತದೆ ನೋಡು, ಅದೇ ಫ್ಯಾಟು.”

ನೋಡಿದಳು. ಒಂದು ಪ್ರತಿ ಸಂಜೆ ಏರಿ ಬೆಳಿಗ್ಗೆ ಇಳಿಯುತ್ತಿತ್ತು. ಇನ್ನೊಂದು ಹೆಚ್ಚುಕಮ್ಮಿ ಅಲ್ಲಾಡದೆ ನಿಂತಿತ್ತು, ಹಾಲಿನ ಗಟ್ಟಿ ಅಂಶ. ಉಳಿದದ್ದು ನೀರು. ನನ್ನ ಗಂಟಿನಲ್ಲಿ ಅದು ಸೊನ್ನೆ, ಸೊನ್ನೆ, ಸೊನ್ನೆ. “ನೀನೇ ನನ್ ಮೇಷ್ಟ್ರು!” ಎಂದು ನನ್ನನ್ನು ತಬ್ಬಿ ಜಗುಲಿಯಲ್ಲೇ ಕುಣಿಸಿಬಿಟ್ಟಳು.

ಆಮೇಲೆ ನನ್ನ ಹಾಲು ನಿಲ್ಲಿಸಿದ ದಿನದ ಲೆಕ್ಕಕ್ಕೆ ಬಂದು ಪರದೆಯ ಮೇಲೆ ಬೆರಳಿಟ್ಟಳು. ಆ ಒಂದು ಬೆಳಿಗ್ಗೆ ನನ್ನ ನಂಬರಿನಲ್ಲಿ ಎರಡು ಸಲ ಹಾಲು ಬಿದ್ದಿತ್ತು. ಮೊದಲನೆಯದರಲ್ಲಿ ನೀರು ಸೊನ್ನೆ. ಕಾಲು ಗಂಟೆಯ ನಂತರದ್ದರಲ್ಲಿ ನೀರೋ ನೀರು. ತಮ್ಮನ ಮನೆಯ ನಂಬರಿನಲ್ಲಿ ಅವತ್ತು ಬೆಳಿಗ್ಗೆ ಹಾಲೇ ಇಲ್ಲ. ಆದರೆ ನಾನು ಹಿಂತಿರುಗುವಾಗ ಅವನ ಹೆಂಡತಿ ತುಂಬಿದ ಕ್ಯಾನು ಹಿಡಿದು ಎದುರಾಗಿದ್ದಳು, ಮಾತಾಡಿಸಿಯೇ ಬಂದಿದ್ದೆ.

ಹೋಗಿ ತಮ್ಮನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

“ಸೂಪರ್‌ವೈಸರ್ ಬೈಕು ಬಾಗ್ಲಲ್ ನಿಂತಿತ್ತು ಕಣಕ್ಕ. ನಮ್ಮನೆ ನಂಬರ್ ಒತ್ತಿದ್ರೆ ಕೆಲ್ಸ ಓಗ್ಬುಡ್ತಿತ್ತು.”

“ಊರ್ ತುಂಬಾ ನಂಬರ್ ಇದ್ವಲ್ಲಾ, ನಂದೇ ಯಾಕ್ಲಾ?”

“ಬೇರೆಯೋರು ಗಲಾಟೆ ಮಾಡೋರು. ನೀನಾದ್ರೆ ತಡ್ಕತೀಯ ಅಂತ...”

ನೀರಿನ ಹಾಲನ್ನು ನನ್ನ ಲೆಕ್ಕಕ್ಕೆ ಹಾಕಿದ್ದಕ್ಕಿಂತ ಈ ಮಾತು ಹೆಚ್ಚು ಸುಟ್ಟಿತು. ಮಾರನೆಯ ಬೆಳಿಗ್ಗೆ ಇಡೀ ಸಾಲಿನ ಮುಂದೆ ಅವನ ಬಾಯಿಂದಲೇ ಹೇಳಿಸಿದೆ. ನೆಲ ನೋಡುತ್ತ ಹೇಳಿದ. ಯಾರೂ ನಗಲಿಲ್ಲ.

ಕಮಿಟಿಯವರು ಬೈದು ಅವನನ್ನೇ ಉಳಿಸಿಕೊಂಡರು. ಈಗಲೂ ದಿನ ಎರಡು ಹೊತ್ತು ನಂಬರ್ ಕೇಳುತ್ತಾನೆ, ಹೇಳುತ್ತೇನೆ. ಅಕ್ಕಾ ಎಂದರೆ ಓಗೊಡುವುದಿಲ್ಲ.